ಶೆಡ್ ಮಕ್ಕಳಿಗೆ ಕೈ ತೊಳೆಯುವ ಜಾಗ: ಎಂಟು ವಾರದ ಕೆಲಸದ ಲೆಕ್ಕ

ಜಾಗ: ಬೆಂಗಳೂರಿನ ಅಂಚಿನ ಅಪಾರ್ಟ್‌ಮೆಂಟ್ ಸೈಟೊಂದರ ತಗಡಿನ ಶೆಡ್‌ಗಳು. ಅಲ್ಲಿರುವ ಕಟ್ಟಡ ಕೆಲಸದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಸ್ವಯಂಸೇವಕರ ಭಾನುವಾರದ ಪಾಠಕ್ಕೆ ಬರುವ ಮಕ್ಕಳು 34. ನೀರು ದಿನ ಬಿಟ್ಟು ದಿನ ಬರುವ ಟ್ಯಾಂಕರಿನದು, ಅದು 200 ಲೀಟರಿನ ಡ್ರಮ್ಮುಗಳಲ್ಲಿ ನಿಲ್ಲುತ್ತದೆ.

ವಾರ 1: ಸೋಪು ಪೆಟ್ಟಿಗೆಯಲ್ಲೇ ಇತ್ತು

ಹಿಂದೆ ಹಂಚಿದ ಕಿಟ್‌ನ ಸೋಪುಗಳಲ್ಲಿ ಬಹುಪಾಲು ಟ್ರಂಕಿನಲ್ಲಿ ಹಾಗೇ ಇದ್ದವು. ಊರಿನ ಜಾತ್ರೆಗೆ ಹೋಗುವಾಗ ಬೇಕಲ್ಲ ಎಂದು ಎತ್ತಿಟ್ಟದ್ದು. ಇದನ್ನು ಅರಿವಿನ ಕೊರತೆ ಎಂದು ಬರೆದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಸೋಪು ಹಚ್ಚಿದ ಕೈ ತೊಳೆಯಲು ನೀರು ಬೇಕು. ಆ ನೀರು ಎಷ್ಟಿದೆ ಎಂಬುದೇ ಮೊದಲ ಅಳತೆ.

ಐದು ಜನರ ಮನೆಗೆ ದಿನಕ್ಕೆ ಆರು ಕೊಡ. ಒಂದು ಕೊಡಕ್ಕೆ 12 ಲೀಟರ್ ಹಿಡಿದರೆ ಒಟ್ಟು 72, ತಲೆಗೆ 14 ಚಿಲ್ಲರೆ. ಭಾರತದ ನಗರಗಳ ನೀರು ಯೋಜನೆಯಲ್ಲಿ ತಲೆಗೆ 135 ಲೀಟರ್ ಹಿಡಿಯುತ್ತಾರೆ. ಯುದ್ಧ, ನೆರೆಗಳಿಂದ ನಿರಾಶ್ರಿತರಾದವರಿಗೆ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ ಹೇಳುವ ಕನಿಷ್ಠ ಅಳತೆಯೇ 15 ಲೀಟರ್. ಶೆಡ್ಡಿನ ಲೆಕ್ಕ ಅದಕ್ಕಿಂತಲೂ ಕೆಳಗೆ.

ಹೊಸ ಸ್ವಯಂಸೇವಕರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ. ಪಾಠಕ್ಕೆ ಬರುವ ಮುಂಚೆ ಒಂದು ದಿನ ಮನೆಯಲ್ಲಿ 14 ಲೀಟರ್ ಮಾತ್ರ ಬಕೆಟ್ಟಿಗೆ ಹಿಡಿದು, ನಲ್ಲಿ ಮುಟ್ಟದೆ ಕಳೆಯಬೇಕು ಎಂಬ ನಿಯಮ ಇಟ್ಟಿದೆ. ಸಾಮಾನ್ಯವಾಗಿ ಎಡವುವುದು ಬೆಳಿಗ್ಗೆಯೇ: ಹಳೆಯ ಫ್ಲಶ್ ಟ್ಯಾಂಕು ಒಂದು ಸಲಕ್ಕೆ ಹತ್ತು ಲೀಟರ್ ನುಂಗುತ್ತದೆ. ವಾಷಿಂಗ್ ಮಷಿನ್ನನ್ನು ಲೆಕ್ಕಕ್ಕೆ ಸೇರಿಸುವುದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಮುಂದೆ ಬಾಗಿಲಿರುವ ಮಷಿನ್ನಿನ ಒಂದು ಸುತ್ತಿಗೆ ಸುಮಾರು 50 ಲೀಟರ್, ಎಂದರೆ ಶೆಡ್ಡಿನ ಮೂರೂವರೆ ಜನರ ದಿನದ ನೀರು.

ವಾರ 2: ಜಾಗ ಮತ್ತು ಕಟ್ಟುವಿಕೆ

ಆರಿಸಿದ್ದು ಕಾಲಲ್ಲಿ ಒತ್ತಿದರೆ ಬಾಗುವ ಕ್ಯಾನು. ಇಂಗ್ಲಿಷಿನಲ್ಲಿ ಟಿಪ್ಪಿ ಟ್ಯಾಪ್ ಎನ್ನುತ್ತಾರೆ. ನಲ್ಲಿ ಬೇಡ, ಪೈಪು ಬೇಡ, ಕೊಳೆಗೈಯಲ್ಲಿ ಏನನ್ನೂ ಮುಟ್ಟುವುದೂ ಬೇಡ.

ಮೊದಲು ಮೇಸ್ತ್ರಿ ಮತ್ತು ಸೈಟ್ ಎಂಜಿನಿಯರ್ ಒಪ್ಪಿಗೆ. ತೊಳೆಯುವ ಜಾಗ ಅಥವಾ ಶೌಚಾಲಯದಿಂದ ಆರು ಮೀಟರಿನೊಳಗೆ ಕುಡಿಯುವ ನೀರಿನ ಜಾಗ ಇರಕೂಡದು ಎಂದು ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಹೇಳುತ್ತಿತ್ತು (2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂದಿದೆ). ಆದ್ದರಿಂದ ಡ್ರಮ್ಮಿನ ಪಕ್ಕದಲ್ಲೇ ನೆಡುವ ಆಸೆ ಬಿಡಬೇಕು. ಶೌಚಾಲಯದಿಂದ ಶೆಡ್ಡಿಗೆ ಬರುವ ದಾರಿಯಲ್ಲಿದ್ದರೆ ಸರಿ. ಹತ್ತು ಹೆಜ್ಜೆ ಸುತ್ತು ಬರಬೇಕಾದರೂ ಮಕ್ಕಳು ಬರುವುದಿಲ್ಲ.

ಬೇಕಾದದ್ದು: 2 ಮೀಟರಿನ ಕವಲು ಕಂಬ ಎರಡು (ಸೈಟಿನಲ್ಲಿ ಉಳಿದ ಸರ್ವೆ ಕಂಬ ಸಾಕು), 1 ಮೀಟರಿನ ಕೋಲು ಎರಡು, ಹಿಡಿಯಿರುವ 5 ಲೀಟರಿನ ಅಡುಗೆ ಎಣ್ಣೆ ಕ್ಯಾನು, ನೈಲಾನ್ ಹಗ್ಗ, ಒಂದು ಮೊಳೆ, ಒಂದು ಬಾಂಡ್ಲಿ ಜಲ್ಲಿ.

ಕ್ಯಾನನ್ನು ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ಕುಲುಕಿ ತೊಳೆಯಬೇಕು. ಎಣ್ಣೆ ಉಳಿದರೆ ವಾರದೊಳಗೆ ಕಮಟು ವಾಸನೆ. ಕಾಯಿಸಿದ ಮೊಳೆಯಿಂದ, ಮುಚ್ಚಳದಿಂದ 12 ಸೆಂ.ಮೀ. ಕೆಳಗೆ, ಹಿಡಿಯ ಎದುರು ಬದಿಯಲ್ಲಿ ಒಂದೇ ತೂತು, 2 ಮಿ.ಮೀ. ಅಡ್ಡಗೋಲನ್ನು ಹಿಡಿಯೊಳಗೆ ತೂರಿಸಿ ಕವಲುಗಳ ಮೇಲೆ ಕೂರಿಸುವುದು. ಕಂಬಗಳ ನಡುವೆ 70 ಸೆಂ.ಮೀ., ನೆಲದೊಳಗೆ 50 ಸೆಂ.ಮೀ. ಮುಚ್ಚಳಕ್ಕೆ ತೂತು ಹಾಕಿ, ಹಗ್ಗ ಪೋಣಿಸಿ, ಒಳಗಿನ ತುದಿಗೆ ಚಿಕ್ಕ ಕಡ್ಡಿ ಕಟ್ಟಿ, ಹೊರಗಿನ ತುದಿಯನ್ನು ಕಾಲುಗೋಲಿಗೆ, ಎಂದರೆ ಕಾಲಲ್ಲಿ ಒತ್ತುವ ಎರಡನೇ ಕೋಲಿಗೆ, ಬಿಗಿಯಬೇಕು. ಕಾಲುಗೋಲಿನ ಕಟ್ಟಿದ ತುದಿ ನೆಲದಿಂದ ಒಂದು ಗೇಣು ಮೇಲಿರಲಿ. ಕೆಳಗೆ 50×50 ಸೆಂ.ಮೀ., 10 ಸೆಂ.ಮೀ. ಆಳದ ಗುಂಡಿಗೆ ಜಲ್ಲಿ.

ವಾರ 3, 4: ಕೆಟ್ಟದ್ದೆಲ್ಲ

ಎರಡನೇ ಕ್ಯಾನಿನ ತೂತು ತೀರಾ ಕೆಳಗಾಯಿತು. ಬಾಗಿಸದೆಯೇ ತೊಟ್ಟಿಕ್ಕಿ, ಮಧ್ಯಾಹ್ನದೊಳಗೆ ಖಾಲಿ. ನೀರಿನ ಮಟ್ಟ ಸದಾ ತೂತಿಗಿಂತ ಕೆಳಗಿರಬೇಕು. ಹಾಗಾಗಿ ಐದು ಲೀಟರಿನ ಕ್ಯಾನಿನಲ್ಲಿ ಮೂರೇ ಲೀಟರ್ ತುಂಬುವುದು. ತೂತಿನ ಮಟ್ಟಕ್ಕೆ ಪೇಂಟಿನ ಗೆರೆ ಎಳೆದರೆ ತುಂಬುವ ಮಕ್ಕಳಿಗೆ ಗೊತ್ತಾಗುತ್ತದೆ.

ಧಾರೆ ಬಿಟ್ಟು ಬಿಟ್ಟು ಬಂದರೆ ಒಳಗೆ ಗಾಳಿ ಹೋಗುತ್ತಿಲ್ಲ ಎಂದರ್ಥ. ಮುಚ್ಚಳ ಅರ್ಧ ಸುತ್ತು ಸಡಿಲಿಸಿ.

ಜಿಗಿದು ತುಳಿಯುವವರು ಇದ್ದೇ ಇರುತ್ತಾರೆ. ಕ್ಯಾನು ಪೂರ್ತಿ ಮಗುಚಿ ನೀರೆಲ್ಲ ನೆಲಕ್ಕೆ. ಕಾಲುಗೋಲಿನ ಕೆಳಗೆ ಇಟ್ಟಿಗೆಯ ಚೂರೊಂದನ್ನು ಇಟ್ಟರೆ ಅದು ಅಷ್ಟಕ್ಕೇ ನಿಲ್ಲುತ್ತದೆ. ಹಗ್ಗದ ಬದಲು ಬೈಂಡಿಂಗ್ ವೈರ್ ಹಾಕಿದ್ದು ದಡ್ಡತನ: ಮುಚ್ಚಳವನ್ನೇ ಕೊಯ್ದಿತು, ತುದಿ ಮಕ್ಕಳ ಕಾಲಿಗೆ ಚುಚ್ಚುವಂತಿತ್ತು.

ವಾರ 5: ಸೋಪು

ಹಗ್ಗಕ್ಕೆ ಪೋಣಿಸಿದ ಸೋಪನ್ನು ಕಾಗೆ ಎತ್ತಿಕೊಂಡು ಹೋಗುತ್ತದೆ, ರಾತ್ರಿ ಇಲಿ ಕಡಿಯುತ್ತದೆ. ಮೇಲೆ ಕತ್ತರಿಸಿದ ಬಾಟಲಿಯ ಬುಡವನ್ನು ಕೊಡೆಯಂತೆ ಮುಚ್ಚಿದರೆ ಮಳೆಗೆ ಕರಗುವುದು ನಿಲ್ಲುತ್ತದೆ, ಕಾಗೆ ನಿಲ್ಲುವುದಿಲ್ಲ.

ಕೊನೆಗೆ ನಿಂತದ್ದು ಸೋಪಿನ ನೀರು. ಬಾಂಗ್ಲಾದೇಶದಲ್ಲಿ ಬಳಸಿ ನೋಡಿದ ಅಳತೆ ಇದು: 1.5 ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು, ಒತ್ತಿದರೆ ಒಂದು ಚಿಮ್ಮು. ಇದನ್ನು ಯಾರೂ ಮನೆಗೆ ಒಯ್ದು ಎತ್ತಿಡುವುದಿಲ್ಲ, ಕಾಗೆಗೂ ಬೇಡ. ಒಂದೇ ಎಚ್ಚರಿಕೆ, ಅದೂ ದೊಡ್ಡದು: ತಂಪು ಪಾನೀಯದ ಬಾಟಲಿ ಬೇಡವೇ ಬೇಡ. ಎರಡು ವರ್ಷದ ಕೂಸು ಅದನ್ನು ಬಾಯಿಗಿಡುತ್ತದೆ. ಹ್ಯಾಂಡ್‌ವಾಶ್ ಅಥವಾ ಶಾಂಪೂವಿನ ಖಾಲಿ ಬಾಟಲಿ ತಂದು, ಚಿಕ್ಕವರ ಕೈಗೆ ಎಟುಕದಷ್ಟು ಮೇಲೆ ಕಟ್ಟಬೇಕು. ಅವರಿಗೆ ದೊಡ್ಡವರೇ ಹಾಕಿಕೊಡಲಿ.

ಕೈಗಳಲ್ಲಿ ಕಜ್ಜಿ ಇರುವ ಮಕ್ಕಳಿಗೆ ಈ ನೀರು ಉರಿಯುತ್ತದೆ, ಅವರಿಗೆ ಮೈ ಸೋಪೇ ಆಗಬೇಕು. ಕಜ್ಜಿ ಹೋಗುವುದು ಕೈತೊಳೆಯುವುದರಿಂದಲ್ಲ. ಮನೆಯವರೆಲ್ಲ ಒಟ್ಟಿಗೆ ಔಷಧ ಹಚ್ಚಿಕೊಂಡು ಹಾಸಿಗೆ ಬಟ್ಟೆ ಒಗೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಯಂದಿರನ್ನೂ ಕರೆದೊಯ್ಯದಿದ್ದರೆ ಹೋದ ಕಜ್ಜಿ ತಿರುಗಿ ಬರುತ್ತದೆ.

ಕನಿಷ್ಠ 20 ಸೆಕೆಂಡು ಉಜ್ಜಬೇಕು ಎಂದರೆ ಗಡಿಯಾರ ಯಾರ ಬಳಿ ಇದೆ? ಎರಡರ ಮಗ್ಗಿ ಹತ್ತರವರೆಗೆ ಹೇಳಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ, ಮಗ್ಗಿಯೂ ಬಾಯಿಗೆ ಬರುತ್ತದೆ.

ವಾರ 6

ಜಲ್ಲಿಯಲ್ಲಿ ಸೋಪಿನ ಜಿಡ್ಡು ಕಟ್ಟಿ ನೀರು ನಿಂತಿತು. ಜಲ್ಲಿ ತೆಗೆದು ತೊಳೆದು ಮತ್ತೆ ಹಾಕಲು ಅರ್ಧ ಗಂಟೆಯ ಕೆಲಸ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ ಹತ್ತು ದಿನ ಸಾಕು, ಆದ್ದರಿಂದ ಪ್ರತಿ ಭಾನುವಾರ ಕ್ಯಾನು, ಗುಂಡಿ ಎರಡನ್ನೂ ನೋಡುವುದು. ಬ್ರಷ್ಷು, ಉಗುರು ಕತ್ತರಿ ಹಂಚಿಕೆ ಮುಗಿದಿದೆ, ವಿಶೇಷವಿಲ್ಲ.

ವಾರ 8

ಚೊಂಬಿನಿಂದ ಕೈ ತೊಳೆದರೆ ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್. ಕ್ಯಾನಿನಿಂದ 120 ಮಿ.ಲೀ. ಆಸುಪಾಸು. 34 ಮಕ್ಕಳು ದಿನಕ್ಕೆ ಎರಡು ಸಲ ತೊಳೆದರೆ ಚೊಂಬಿನ ಲೆಕ್ಕ 34 ಲೀಟರ್, ಎಂದರೆ ಮೂರು ಕೊಡ. ಕ್ಯಾನಿನ ಲೆಕ್ಕ ಎಂಟು ಚಿಲ್ಲರೆ. ತಾಯಂದಿರನ್ನು ಒಪ್ಪಿಸಿದ್ದು ರೋಗದ ಚಿತ್ರಪಟವಲ್ಲ, ಈ ಲೆಕ್ಕ. ತಲೆಯ ಮೇಲೆ ಕೊಡ ಹೊರುವವರು ಅವರೇ. ಈಗ ಕ್ಯಾನು ತುಂಬುವ ಸರದಿಯನ್ನು ಅವರೇ ಹಾಕಿಕೊಂಡಿದ್ದಾರೆ, ಮನೆಗೆ ಒಂದು ದಿನದಂತೆ.

ಉಳಿದ ಕೆಲಸ: ಸ್ಲ್ಯಾಬ್ ಮುಗಿದರೆ ಶೆಡ್ ಸಾಲೇ ಬೇರೆ ಕಡೆ ಹೋಗುತ್ತದೆ, ನೆಟ್ಟ ಕಂಬ ಇಲ್ಲೇ ಉಳಿಯುತ್ತದೆ. ಮುಂದಿನ ಜೋಡಿಗೆ 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಕಂಬ ನಿಲ್ಲಿಸಿ ಅರ್ಧದವರೆಗೆ ಕಾಂಕ್ರೀಟ್ ಸುರಿಯುವುದು. ಬಕೆಟ್ಟಿಗೆ 24 ಕಿಲೋ ಆಗುತ್ತದೆ, ಇಬ್ಬರು ಸೇರಿ ಟೆಂಪೋಗೆ ಎತ್ತಿಡಬಹುದು. ಪೂರ್ತಿ ತುಂಬಿದರೆ 48 ಕಿಲೋ, ಆಗ ಯಾರೂ ಎತ್ತುವುದಿಲ್ಲ.