ರೆಡ್ ವೈನ್ ತೂಕ ಇಳಿಸುತ್ತದೆಯೇ? ಒಂದು ಗ್ಲಾಸಿನ ಲೆಕ್ಕ

ರೆಡ್ ವೈನ್ ಕುಡಿದರೆ ತೂಕ ಇಳಿಯುತ್ತದೆ ಎಂಬ ಸುದ್ದಿ ಎರಡು ಮೂರು ವರ್ಷಕ್ಕೊಮ್ಮೆ ಹೊಸ ತಲೆಬರಹ ಹೊತ್ತು ಬರುತ್ತಲೇ ಇರುತ್ತದೆ. ಇಳಿಯುವುದಿಲ್ಲ. ಏಕೆಂದು ತಿಳಿಯಲು ಗ್ಲಾಸಿನಲ್ಲಿ ಏನಿದೆ ಎಂಬುದರಿಂದ ಶುರು ಮಾಡಬೇಕು.

ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲೊರಿ. ಸಕ್ಕರೆಗೆ 4, ಕೊಬ್ಬಿಗೆ 9. ಅಂದರೆ ಆಲ್ಕೋಹಾಲು ಸಕ್ಕರೆಗಿಂತ ಕೊಬ್ಬಿಗೇ ಹತ್ತಿರ. ಶೇ. 13 ಆಲ್ಕೋಹಾಲಿರುವ ವೈನನ್ನು 150 ಮಿ.ಲೀ. ತೆಗೆದುಕೊಳ್ಳಿ. ಅದರಲ್ಲಿ 19.5 ಮಿ.ಲೀ. ಆಲ್ಕೋಹಾಲು, ತೂಕದಲ್ಲಿ ಸುಮಾರು 15.4 ಗ್ರಾಂ, ಅದರಿಂದಲೇ 108 ಕ್ಯಾಲೊರಿ. ಉಳಿದ ಸಕ್ಕರೆ, ಗ್ಲಿಸರಾಲ್, ಆಮ್ಲಗಳು ಸೇರಿ ಒಟ್ಟು 120ರಿಂದ 125 ಆಗುತ್ತದೆ. ಸುಲಭದ ಸೂತ್ರ ಬೇಕಿದ್ದರೆ: ಮಿ.ಲೀ.ಯನ್ನು ಬಾಟಲಿಯ ಮೇಲಿನ ಶೇಕಡಾ ಅಂಕಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 0.055ರಿಂದ ಗುಣಿಸಿ. ಡ್ರೈ, ಅಂದರೆ ಸಿಹಿಯಿಲ್ಲದ ವೈನಾದರೆ ಗ್ಲಾಸಿಗೆ ಇನ್ನೊಂದು 10ರಿಂದ 15 ಸೇರಿಸಿದರೆ ಸಾಕು. 750 ಮಿ.ಲೀ. ಬಾಟಲಿ ಪೂರ್ತಿ ಸುಮಾರು 600 ಕ್ಯಾಲೊರಿ ದಾಟುತ್ತದೆ.

"ಡ್ರೈ ವೈನಿನಲ್ಲಿ ಸಕ್ಕರೆ ಇಲ್ಲ, ಹಾಗಾಗಿ ತೂಕ ಏರುವುದಿಲ್ಲ" ಎಂದು ನಂಬಿದವರು ಬಹಳ. ಮೊದಲ ಅರ್ಧ ಹೆಚ್ಚುಕಡಿಮೆ ನಿಜ: ಡ್ರೈ ಎಂದು ಕರೆಸಿಕೊಳ್ಳುವ ವೈನಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ, ಗ್ಲಾಸಿಗೆ ಒಂದು ಗ್ರಾಂ ಕೂಡ ಬರುವುದಿಲ್ಲ. ಆದರೆ ಕ್ಯಾಲೊರಿ ಕೂತಿರುವುದು ಆಲ್ಕೋಹಾಲಿನಲ್ಲಿ. ಶೇ. 15ರ ಡ್ರೈ ವೈನಿನ ಒಂದು ಗ್ಲಾಸು ಸುಮಾರು 135 ಕ್ಯಾಲೊರಿ; ಲೀಟರಿಗೆ 20 ಗ್ರಾಂ ಸಕ್ಕರೆ ಇರುವ, ಶೇ. 11ರ ನಸುಸಿಹಿ ವೈನು 115ರ ಆಸುಪಾಸು. ಬಾಟಲಿ ಆರಿಸುವಾಗ ಮೊದಲು ನೋಡಬೇಕಾದದ್ದು ಶೇಕಡಾ ಅಂಕಿ. ಪೋರ್ಟ್‌ನಂಥ ಕಡು ಸಿಹಿ ವೈನುಗಳು ಮಾತ್ರ ಎರಡೂ ಕಡೆಯಿಂದ ಹೊಡೆಯುತ್ತವೆ: ಶೇ. 20 ಆಲ್ಕೋಹಾಲು, ಜೊತೆಗೆ ಲೀಟರಿಗೆ 100 ಗ್ರಾಂ ಸುಮಾರು ಸಕ್ಕರೆ.

ಈಗ ತೂಕದ ಕಡೆ ಬರೋಣ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುವ ಯೋಜನೆ ಹಾಕಿಕೊಂಡವರು ದಿನವೂ ಎರಡು ಗ್ಲಾಸ್ ವೈನನ್ನು ಲೆಕ್ಕಕ್ಕೆ ಹಿಡಿಯದೆ ಕುಡಿದರೆ 250 ಅಲ್ಲಿಗೇ ಹೋಯಿತು. ಬಾಯಿ ಕಟ್ಟಿ ಗಳಿಸಿದ್ದರಲ್ಲಿ ಅರ್ಧ. ವೈನಿನ ಜೊತೆ ಬಾಯಾಡಿಸಿದ್ದು ಇದರಲ್ಲಿ ಸೇರಿಲ್ಲ, ಅದು ಸಣ್ಣ ಸಂಗತಿಯೂ ಅಲ್ಲ. ಊಟಕ್ಕೆ ಮುಂಚೆ ಕುಡಿದರೆ ಹಸಿವು ಕೆರಳುತ್ತದೆ, ಸಾಕು ಅನ್ನುವ ಹಿಡಿತ ಸಡಿಲವಾಗುತ್ತದೆ. ಘನ ಆಹಾರ ಹೊಟ್ಟೆ ತುಂಬಿಸಿದಂತೆ ಕುಡಿದ ಕ್ಯಾಲೊರಿ ತುಂಬಿಸುವುದಿಲ್ಲ. ಕುಡಿದಷ್ಟನ್ನು ಊಟದಲ್ಲಿ ಕಡಿಮೆ ಮಾಡುವವರು ಅಪರೂಪ.

ಇನ್ನು ದೇಹದ ಒಳಗಿನ ವಿಚಾರ. ಆಲ್ಕೋಹಾಲನ್ನು ಕೂಡಿಟ್ಟುಕೊಳ್ಳಲು ದೇಹದಲ್ಲಿ ಜಾಗವಿಲ್ಲ, ಆದ್ದರಿಂದ ಅದನ್ನು ಮೊದಲು ಸುಟ್ಟು ಮುಗಿಸಲೇಬೇಕು. ಲಿವರ್ ಅದನ್ನು ಅಸಿಟಾಲ್ಡಿಹೈಡ್ ಆಗಿ, ನಂತರ ಅಸಿಟೇಟ್ ಆಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಕೊಬ್ಬಿನ ಬದಲು ಆ ಅಸಿಟೇಟನ್ನು ಉರಿಸುತ್ತವೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಎಂಟು ಗಂಡಸರಿಗೆ 24 ಗ್ರಾಂ ಆಲ್ಕೋಹಾಲು ಕೊಟ್ಟಾಗ ದೇಹ ಕೊಬ್ಬು ಉರಿಸುವ ಪ್ರಮಾಣ ಮುಂದಿನ ಕೆಲವು ಗಂಟೆ ಶೇ. 73ರಷ್ಟು ತಗ್ಗಿತು. 24 ಗ್ರಾಂ ಅಂದರೆ ಒಂದೂವರೆ ಗ್ಲಾಸ್ ವೈನು. ಕುಡಿದ ಆಲ್ಕೋಹಾಲಿನಲ್ಲಿ ಕೊಬ್ಬಾಗಿ ಬದಲಾದದ್ದು ಶೇ. 5ಕ್ಕಿಂತ ಕಡಿಮೆ. "ಆಲ್ಕೋಹಾಲು ಕೊಬ್ಬಾಗುವುದಿಲ್ಲ" ಎನ್ನುವವರು ಈ ಎರಡನೇ ಅಂಕಿಯನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಆಲ್ಕೋಹಾಲು ಕೊಬ್ಬಾಗದೇ ಇರಬಹುದು. ಆ ಹೊತ್ತಿಗೆ ತಿಂದ ಊಟದ ಕೊಬ್ಬು ಮಾತ್ರ ಉರಿಯದೆ ಉಳಿಯುತ್ತದೆ.

ಹಾಗಾದರೆ ತೂಕ ಇಳಿಯುವ ಮಾತು ಎಲ್ಲಿಂದ ಹುಟ್ಟಿತು? ಹೆಚ್ಚಿನದು ರೆಸ್ವೆರಾಟ್ರಾಲ್‌ನಿಂದ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಈ ವಸ್ತು, ಸಿಪ್ಪೆಯ ಜೊತೆಗೇ ಹುಳಿಯುವ ಕೆಂಪು ವೈನಿಗೆ ಇಳಿಯುತ್ತದೆ. 2006ರಲ್ಲಿ ಫ್ರಾನ್ಸಿನ ತಂಡವೊಂದು ಕೊಬ್ಬಿನ ಆಹಾರದ ಜೊತೆ ರೆಸ್ವೆರಾಟ್ರಾಲ್ ತಿಂದ ಇಲಿಗಳು ಬೊಜ್ಜಿನಿಂದ ಪಾರಾದವೆಂದು ತೋರಿಸಿತು. ಫಲಿತಾಂಶ ಸುಳ್ಳಲ್ಲ. ಆದರೆ ಕೊಟ್ಟದ್ದೆಷ್ಟು ಗೊತ್ತೇ? ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 400 ಮಿ.ಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಸುಮಾರು 12ರಿಂದ ಭಾಗಿಸುವ ರೂಢಿಯಿದೆ. ಹಾಗೆ ಮಾಡಿದರೂ 70 ಕೆ.ಜಿ.ಯವರಿಗೆ ದಿನಕ್ಕೆ 2.3 ಗ್ರಾಂ ಬೇಕು. ರೆಡ್ ವೈನಿನಲ್ಲಿ ಇರುವುದು ಲೀಟರಿಗೆ ಸುಮಾರು 2 ಮಿ.ಗ್ರಾಂ. ದಿನಕ್ಕೆ ಸಾವಿರ ಲೀಟರಿಗೂ ಮೇಲಾಯಿತು. ಎರಡು ಮೂರು ಪಟ್ಟು ಹೆಚ್ಚಿರುವ ವೈನು ಸಿಕ್ಕರೂ ನೂರಾರು ಲೀಟರು. ಸಾಲದ್ದಕ್ಕೆ, ನುಂಗಿದ ರೆಸ್ವೆರಾಟ್ರಾಲ್ ಕರುಳು ಮತ್ತು ಲಿವರ್ ದಾಟುವಷ್ಟರಲ್ಲಿ ಬಹುಪಾಲು ರೂಪ ಬದಲಿಸಿಬಿಡುತ್ತದೆ, ಮೂಲರೂಪದಲ್ಲಿ ರಕ್ತ ಸೇರುವುದು ತೀರ ಅಲ್ಪ. ಮಾತ್ರೆಯಾಗಿ ನುಂಗಿದರೆ? 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೊಜ್ಜಿರುವ ಗಂಡಸರಿಗೆ ದಿನಕ್ಕೆ 1,500 ಮಿ.ಗ್ರಾಂನಂತೆ ನಾಲ್ಕು ವಾರ ಕೊಟ್ಟು ನೋಡಿದರು. ದೇಹ ಖರ್ಚು ಮಾಡುವ ಶಕ್ತಿ ಹೆಚ್ಚಲಿಲ್ಲ.

ಎರಡನೆಯ ಮೂಲ 2010ರ ಅಮೆರಿಕದ ಅಧ್ಯಯನ. 19,220 ಮಹಿಳೆಯರನ್ನು ಸುಮಾರು 13 ವರ್ಷ ಗಮನಿಸಿದಾಗ, ಮಿತವಾಗಿ ಕುಡಿಯುವವರ ತೂಕ ಕುಡಿಯದವರಿಗಿಂತ ಕಡಿಮೆ ಏರಿತ್ತು, ರೆಡ್ ವೈನಿನಲ್ಲಿ ಈ ನಂಟು ಹೆಚ್ಚು ಎದ್ದುಕಂಡಿತು. "ಕಡಿಮೆ ಏರಿತ್ತು" ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಸರಾಸರಿ ತೂಕ ಎರಡೂ ಕಡೆ ಏರಿದ್ದೇ. ಎಲ್ಲರೂ ಆರಂಭದಲ್ಲಿ ಸರಿಯಾದ ತೂಕದಲ್ಲಿದ್ದವರು, ಬೊಜ್ಜು ಕರಗಿಸಲು ಬಂದವರಲ್ಲ. ಹೆಚ್ಚು ಕುಡಿಯುವವರು ಬೇರೆ ಆಹಾರ ಕಡಿಮೆ ತಿನ್ನುತ್ತಿದ್ದರು. ಇಂಥ ಅಧ್ಯಯನದಿಂದ ವೈನೇ ಕಾರಣ ಎಂದು ತೀರ್ಮಾನಿಸಲಾಗದು.

ಕಾರಣ ತಿಳಿಯಬೇಕಾದರೆ ಚೀಟಿ ಎತ್ತಿದಂತೆ ಜನರನ್ನು ಗುಂಪು ಮಾಡಿ ಕುಡಿಸಿ ನೋಡಬೇಕು. ಇಸ್ರೇಲಿನಲ್ಲಿ ಅದೂ ಆಗಿದೆ. ಟೈಪ್ 2 ಮಧುಮೇಹದ 224 ಜನರಿಗೆ ರಾತ್ರಿ ಊಟದೊಡನೆ 150 ಮಿ.ಲೀ. ರೆಡ್ ವೈನ್, ವೈಟ್ ವೈನ್ ಅಥವಾ ನೀರು, ಎರಡು ವರ್ಷ. 2015ರಲ್ಲಿ ಬಂದ ಫಲಿತಾಂಶದಲ್ಲಿ ರೆಡ್ ವೈನಿನವರ ಎಚ್‌ಡಿಎಲ್ (ಒಳ್ಳೆಯದು ಎನ್ನುವ) ಕೊಲೆಸ್ಟರಾಲ್ ತುಸು ಏರಿತ್ತು. ಬೊಜ್ಜಿನಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಂದು ಗ್ಲಾಸು ಊಟದ ಜೊತೆ ಅಚ್ಚುಕಟ್ಟಾಗಿ ಸೇರಿದರೆ ತೂಕ ಏರಲೇಬೇಕೆಂದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ, ಅದನ್ನು ಮುಚ್ಚಿಡಬಾರದು.

ಹಾಗಾಗಿ ಈಗಾಗಲೇ ಕುಡಿಯುವ ಅಭ್ಯಾಸವಿದ್ದು, ತೂಕ ಇಳಿಸುತ್ತಿರುವವರಿಗೆ ಕೆಲವು ಮಾತು. ಮೊದಲು ಅಳತೆ. ದೊಡ್ಡ ವೈನ್ ಗ್ಲಾಸು 400ರಿಂದ 600 ಮಿ.ಲೀ. ಹಿಡಿಯುತ್ತದೆ, ಅದರಲ್ಲಿ 150 ಮಿ.ಲೀ. ತಳದಲ್ಲಿದ್ದಂತೆ ಕಾಣುವುದರಿಂದ ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ. ಅಳತೆಯ ಜಗ್ಗಿನಲ್ಲಿ 150 ಮಿ.ಲೀ. ನೀರು ತೆಗೆದು ನಿಮ್ಮದೇ ಗ್ಲಾಸಿಗೆ ಹಾಕಿ, ಮಟ್ಟ ಎಲ್ಲಿಗೆ ಬರುತ್ತದೆಂದು ಗುರುತಿಟ್ಟುಕೊಳ್ಳಿ. ಅಡುಗೆಮನೆಯ ತಕ್ಕಡಿಯಿದ್ದರೆ ಇನ್ನೂ ಸುಲಭ, 150 ಮಿ.ಲೀ. ಡ್ರೈ ವೈನು ಹೆಚ್ಚುಕಡಿಮೆ 150 ಗ್ರಾಮೇ ತೂಗುತ್ತದೆ. ಅರ್ಧ ಖಾಲಿಯಾದ ಗ್ಲಾಸಿಗೆ ಮತ್ತೆ ಸುರಿಯಬೇಡಿ, ಎಣಿಕೆ ತಪ್ಪುವುದು ಅಲ್ಲೇ. ಕುಡಿಯುವ ದಿನ ಆ 125 ಕ್ಯಾಲೊರಿಯನ್ನು ಎಣ್ಣೆ ಅಥವಾ ಸಿಹಿಯಿಂದ ಕಳೆಯಿರಿ, ಪ್ರೋಟೀನಿನಿಂದಲ್ಲ. ಊಟ ಬಿಟ್ಟು ಆ ಜಾಗಕ್ಕೆ ವೈನು ತುಂಬುವುದು ಅಪಾಯ: ಬರಿ ಹೊಟ್ಟೆಯಲ್ಲಿ ಆಲ್ಕೋಹಾಲು ಬೇಗ ಏರುತ್ತದೆ, ಲಿವರ್ ಗ್ಲೂಕೋಸ್ ತಯಾರಿಸುವುದನ್ನೂ ತಡೆಯುತ್ತದೆ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯ ಗುಂಪಿನ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಇದರಿಂದ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು, ಅದೂ ನಿದ್ದೆಯಲ್ಲಿದ್ದಾಗ. ತೂಕ ಇಳಿಸಲು ಹೊಟ್ಟೆಗೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಒಂದೇ ಗ್ಲಾಸು ಮೊದಲಿಗಿಂತ ಬೇಗ, ಹೆಚ್ಚು ತಲೆಗೇರುತ್ತದೆ. ಇವರೆಲ್ಲ ವೈದ್ಯರನ್ನು ಕೇಳದೆ ಮುಟ್ಟಬಾರದು.

ತೂಕ ಇಳಿಯಲು "ಮಲಗುವ ಮುಂಚೆ ಎರಡು ಗ್ಲಾಸು" ಎಂದು ಹರಿದಾಡುವ ಸಲಹೆಯಂತೂ ಪೂರ್ತಿ ತಿರುವುಮುರುವು. ಮೊದಲರ್ಧ ನಿದ್ದೆ ಗಾಢವಾಗಿರುತ್ತದೆ, ಆಲ್ಕೋಹಾಲು ಇಳಿಯುತ್ತಿದ್ದಂತೆ ಎಚ್ಚರವಾಗತೊಡಗುತ್ತದೆ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು.

ಕುಡಿಯದವರು ತೂಕಕ್ಕಾಗಿ ಶುರು ಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಆಲ್ಕೋಹಾಲು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳಲ್ಲಿ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ರುಚಿಯೇ ಬೇಕೆನ್ನುವವರಿಗೆ ಆಲ್ಕೋಹಾಲು ತೆಗೆದ ರೆಡ್ ವೈನ್ ಸಿಗುತ್ತದೆ. ದ್ರಾಕ್ಷಿ ಸಿಪ್ಪೆಯ ಪಾಲಿಫೆನಾಲ್‌ಗಳು (ರೆಸ್ವೆರಾಟ್ರಾಲ್‌ನಂಥ ವಸ್ತುಗಳು) ಅದರಲ್ಲಿ ಬಹುಪಾಲು ಉಳಿದಿರುತ್ತವೆ, ಕ್ಯಾಲೊರಿ ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆ. ಆದರೆ ಆಲ್ಕೋಹಾಲಿನ ಜೊತೆ ಹೋದ, ಬಾಯಿಗೆ ಸಿಗುವ ಗಟ್ಟಿತನವನ್ನು ತುಂಬಲು ಕೆಲವರು ಸಕ್ಕರೆ ಅಥವಾ ದ್ರಾಕ್ಷಿ ರಸ ಸೇರಿಸುತ್ತಾರೆ. ಲೇಬಲ್ಲಿನಲ್ಲಿ 100 ಮಿ.ಲೀ.ಗೆ ಎಷ್ಟು ಸಕ್ಕರೆ ಎಂದು ನೋಡಿ. 4 ಗ್ರಾಂ ದಾಟಿದ್ದರೆ ಬೇರೆ ಬಾಟಲಿ ತೆಗೆದುಕೊಳ್ಳಿ.