ನೀವು ಬೀಗ ಹಾಕಿ ಅಮ್ಮಾವ್ರೆ, ನಾನು ರೋಡ್ ನೋಡ್ತೀನಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ಮೈಸೂರಲ್ಲಿ ಸೀರೆ ಅಂಗಡಿ ಇಟ್ಟುಕೊಂಡವರಿಗೆ ಆ ವಾರ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಊಟಕ್ಕೂ ಪುರುಸೊತ್ತು ಇರೋದಿಲ್ಲ. ಅಂಥ ಒಂದು ಮಧ್ಯಾಹ್ನ ಐದು ಜನ ಹೆಂಗಸರು ಬಂದರು. ಮದುವೆ ಜವಳಿ ಅಂದರು. ಅದು ತೆಗೀರಿ, ಇದು ತೆಗೀರಿ, ಇದರಲ್ಲೇ ಬೇರೆ ಬಾರ್ಡರ್ ತೋರಿಸಿ ಅಂತ ಹಾಸಿನ ಮೇಲೆ ಸೀರೆಗಳ ಗುಡ್ಡೆ ಹಾಕಿಸಿದರು. ಒಬ್ಬಾಕೆ ಒಂದು ಸೀರೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಲೈಟಿಗೆ ಅಡ್ಡವಾಗಿ ನೋಡುತ್ತಾ ನಿಂತಳು. ಕೊನೆಗೆ ಒಂದು ಬ್ಲೌಸ್ ಪೀಸ್ ತಗೊಂಡು ಹೋದರು.

ರಾತ್ರಿ ಲೆಕ್ಕ ಹಾಕಿದರೆ ಏಳು ರೇಷ್ಮೆ ಸೀರೆ ಇಲ್ಲ. ಕ್ಯಾಮೆರಾ ಹಿಂದಕ್ಕೆ ಹಾಕಿ ನೋಡಿದೆವು. ಆಕೆ ಎತ್ತಿ ಹಿಡಿದ ಸೀರೆಯೇ ಪರದೆ. ಅದರ ಹಿಂದೆ ಇನ್ನೊಬ್ಬಾಕೆ ಬಗ್ಗಿ ಎದ್ದಳು. ಎಲ್ಲಾ ಸೇರಿ ಐದಾರು ಸೆಕೆಂಡು. ನಾನು ಗಲ್ಲಾದಲ್ಲೇ ಕೂತಿದ್ದೆ, ಹತ್ತಡಿ ದೂರದಲ್ಲಿ. ಪೊಲೀಸರಿಗೆ ದೂರು ಕೊಟ್ಟೆವು, ವೀಡಿಯೊನೂ ಕೊಟ್ಟೆವು. ಸೀರೆ ವಾಪಸ್ ಬರಲಿಲ್ಲ.

ಆಮೇಲೆ ಒಂದು ಏಜೆನ್ಸಿಯಿಂದ ಸೆಕ್ಯೂರಿಟಿಯವರನ್ನು ಕರೆಸಿದೆವು. ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ಹಿಂದಿನ ದಿನವಷ್ಟೇ ಅವನ ಕೈಗೆ ಯೂನಿಫಾರ್ಮ್ ಕೊಟ್ಟಿದ್ದರು. ಷರಟಿನ ಭುಜ ಮೊಣಕೈ ಹತ್ತಿರ ಬಂದಿತ್ತು. ಏನು ಮಾಡಬೇಕು ಅಂತ ಅವನಿಗೂ ಗೊತ್ತಿಲ್ಲ, ನಾವೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿರಪ್ಪ ಅಂದೆವು, ನಿಂತ.

ಎರಡನೇ ವಾರ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ನಮ್ಮ ಸೇಲ್ಸ್ ಹುಡುಗಿಗೆ ಒಬ್ಬ ಗಿರಾಕಿ ಮೇಲೆ ಅನುಮಾನ ಬಂತು. ಕಣ್ಸನ್ನೆ ಮಾಡಿದಳು. ಈ ಹುಡುಗ ಹೋಗಿ ಆಕೆಯ ಬ್ಯಾಗ್ ಕಿತ್ತುಕೊಂಡು, ಎಲ್ಲರೆದುರಿಗೆ ಹಾಸಿನ ಮೇಲೆ ಸುರಿದುಬಿಟ್ಟ. ಟಿಫಿನ್ ಡಬ್ಬಿ, ಮಾತ್ರೆ ಚೀಟಿ, ಮಗುವಿನ ಒಂದು ಕಾಲುಚೀಲ. ನಮ್ಮ ಸೀರೆಯೂ ಇತ್ತು, ಅದರ ಜೊತೆ ನಮ್ಮದೇ ಬಿಲ್ಲೂ ಇತ್ತು. ಆಕೆ ಬೈಯಲಿಲ್ಲ. ಒಂದೊಂದೇ ಸಾಮಾನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಕಣ್ಣೀರು ಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಕೈಮುಗಿದು ಕ್ಷಮೆ ಕೇಳಿದೆ. ಆಕೆ ಮತ್ತೆ ನಮ್ಮ ಅಂಗಡಿ ಮೆಟ್ಟಿಲು ಹತ್ತಿಲ್ಲ. ಆ ಹುಡುಗನನ್ನು ಬೈದು ಏನು ಪ್ರಯೋಜನ? ಕಲಿಸದೆ ನಿಲ್ಲಿಸಿದವರು ನಾವು.

ಆವತ್ತೇ ಸಂಜೆ ವಕೀಲನಾಗಿರುವ ನನ್ನ ಸೋದರತ್ತೆ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಅಂಗಡಿ ಇಟ್ಟವರೆಲ್ಲ ತಿಳಿದಿರಬೇಕಾದ ವಿಷಯ. ಸೆಕ್ಯೂರಿಟಿಯವರು ಪೊಲೀಸರಲ್ಲ. ಗಿರಾಕಿ ಒಪ್ಪದೆ ಬ್ಯಾಗಿಗೆ ಕೈ ಹಾಕುವ ಅಧಿಕಾರ ಅವರಿಗಿಲ್ಲ. ಕಣ್ಣೆದುರೇ ದೊಡ್ಡ ಅಪರಾಧ ಆದರೆ ಯಾರು ಬೇಕಾದರೂ ಆ ವ್ಯಕ್ತಿಯನ್ನು ಹಿಡಿದು ನಿಲ್ಲಿಸಬಹುದು, ಆದರೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಬಂದಿರುವ ಹೊಸ ಕಾನೂನಿನಲ್ಲಿ ಅದಕ್ಕೆ ಆರು ಗಂಟೆ ಅಂತ ಗಡುವೇ ಹಾಕಿದ್ದಾರೆ. ಒಳಗೆ ಕೂಡಿಹಾಕಿ ಹೊಡೆದರೆ ಕೇಸು ನಮ್ಮ ಮೇಲೇ ಬರುತ್ತೆ. ಇನ್ನೊಂದು ಮಾತು ಕೇಳಿದ: "ಅಕ್ಕಾ, ಆ ಏಜೆನ್ಸಿಯವರ ಲೈಸೆನ್ಸ್ ನೋಡಿದ್ಯಾ?" ನೋಡಿರಲಿಲ್ಲ. 2005ರಲ್ಲೇ ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳಿಗೆ ಅಂತ ಕಾಯ್ದೆ ಬಂದಿದೆ. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸುವ ಹಾಗಿಲ್ಲ. ಕೇಂದ್ರದ ಮಾದರಿ ನಿಯಮದಂತೆ ಹೊಸಬರಿಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ ಕೊಡಬೇಕು. ನಮ್ಮ ಹುಡುಗನಿಗೆ ಒಂದು ಗಂಟೆಯೂ ಸಿಕ್ಕಿರಲಿಲ್ಲ.

ಲೈಸೆನ್ಸ್ ತೋರಿಸಿದ ಬೇರೆ ಏಜೆನ್ಸಿಯಿಂದ ಬಂದವರು ಈಗಿರುವ ಅಣ್ಣ. ವಯಸ್ಸು ಐವತ್ತಾರು. ನಂಜನಗೂಡಿನ ಕಾರ್ಖಾನೆಯೊಂದರ ಗೇಟಿನಲ್ಲಿ 20 ವರ್ಷ ನಿಂತವರು. ದಿನಾ ರೈಲಿನಲ್ಲಿ ಬರುತ್ತಾರೆ. ಮೊದಲ ದಿನವೇ ಅಂಗಡಿಯನ್ನೆಲ್ಲ ಒಂದು ಸುತ್ತು ಹಾಕಿ, ಗಲ್ಲಾದಲ್ಲಿ ಕೂತು ನೋಡಿದರು. ಅಲ್ಲಿಂದ ಏನೇನು ಕಾಣಲ್ಲ ಅಂತ ನನಗೇ ತೋರಿಸಿದರು. ಎಡಗಡೆ ಮೂಲೆಯಲ್ಲಿ ನಿಲ್ಲಿಸಿದ್ದ ಬೊಂಬೆಯನ್ನು ಪಕ್ಕಕ್ಕೆ ಸರಿಸಿದರು. ಆ ಬೊಂಬೆ ಎಂಟು ವರ್ಷದಿಂದ ಅಲ್ಲೇ ಇತ್ತು.

ಅವರು ಯಾರ ಬ್ಯಾಗನ್ನೂ ಮುಟ್ಟಲ್ಲ. ಒಳಗೆ ಬರುವ ಪ್ರತಿಯೊಬ್ಬರ ಮುಖ ನೋಡಿ ಮಾತಾಡಿಸುತ್ತಾರೆ. "ಬನ್ನಿ ಅಕ್ಕಾ, ಛತ್ರಿ ಇಲ್ಲಿಡಿ." "ಏನಪ್ಪಾ ಪುಟ್ಟ, ನಿದ್ದೆ ಬಂತಾ?" ನಾನು ಇದನ್ನು ಸುಮ್ನೆ ಒಳ್ಳೆಯ ಸ್ವಭಾವ ಅಂದುಕೊಂಡಿದ್ದೆ. ಒಂದು ದಿನ ಅವರೇ ಹೇಳಿದರು: "ಮುಖ ನೋಡಿ ಮಾತಾಡ್ಸಿದ್ರೆ ಒಳ್ಳೇವ್ರಿಗೆ ಖುಷಿ ಆಗುತ್ತೆ ಅಮ್ಮಾವ್ರೆ. ಕದಿಯಕ್ಕೆ ಬಂದವ್ರಿಗೆ, ಇವ್ನು ನನ್ನ ಗುರುತು ಹಿಡೀತಾನೆ ಅಂತ ಭಯ ಆಗುತ್ತೆ." ಹಾಸಿನ ಮೇಲೆ ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಸೀರೆ ಬೇಡ, ಇನ್ನೊಂದು ತೆಗೆಯೋ ಮುಂಚೆ ಒಂದು ಮಡಿಚಿಡಿ ಅಂತ ಹುಡುಗಿಯರಿಗೆ ಕಲಿಸಿದ್ದೂ ಅವರೇ.

ನಮ್ಮಿಬ್ಬರ ನಡುವೆ ಒಂದು ಗುರುತಿನ ಮಾತಿದೆ. (ಇಲ್ಲಿ ಬರೆಯುವುದಕ್ಕೋಸ್ಕರ ಅದನ್ನು ಬದಲಾಯಿಸಿಕೊಂಡಿದ್ದೇವೆ.) ಅವರು ಬಂದು "ಕಾಫಿ ತರಿಸ್ಲಾ ಅಮ್ಮಾವ್ರೆ?" ಅಂದರೆ, ಆ ಗುಂಪಿನ ಮೇಲೆ ಕಣ್ಣಿಡಿ ಅಂತ ಅರ್ಥ. ಹೋದ ವರ್ಷ ದಸರಾ ಸಮಯದಲ್ಲಿ ಹಾಗೆ ಕೇಳಿದರು. ಮೂರು ಜನ, ದೊಡ್ಡ ಚೀಲ. ನಾನು ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತು ಸೀರೆ ಮಡಿಚತೊಡಗಿದೆ. ಯಾವೂರು, ಯಾರ ಮದುವೆ ಅಂತ ವಿಚಾರಿಸಿದೆ. ಐದು ನಿಮಿಷದಲ್ಲಿ ಎದ್ದು ಹೋದರು. ಅವರು ಕಳ್ಳರೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಯಾರಿಗೂ ಅವಮಾನ ಆಗಲಿಲ್ಲ, ಒಂದು ಸೀರೆಯೂ ಹೋಗಲಿಲ್ಲ.

ನನ್ನ ತವರು ಚಿತ್ರದುರ್ಗ. ಓಬವ್ವನ ಕತೆ ಕೇಳದೆ ನಮ್ಮಲ್ಲಿ ಯಾವ ಹೆಣ್ಣುಮಗುವೂ ಬೆಳೆಯಲ್ಲ. ಆಕೆಯ ಗಂಡ ಕೋಟೆಯ ಕಾವಲುಗಾರ. ಅವನು ಊಟಕ್ಕೆ ಹೋದ ಹೊತ್ತಲ್ಲೇ ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದ್ದು, ಓಬವ್ವ ಒನಕೆ ಹಿಡಿದದ್ದು. ಚಿಕ್ಕವಳಿದ್ದಾಗ ನನಗೆ ಒನಕೆ ಮಾತ್ರ ಕಾಣುತ್ತಿತ್ತು. ಅಂಗಡಿ ನೋಡಿಕೊಳ್ಳೋಕೆ ಶುರುಮಾಡಿದ ಮೇಲೆ ಆ ಊಟದ ಹೊತ್ತು ಕಾಣತೊಡಗಿದೆ. ಹನ್ನೆರಡು ಗಂಟೆ ಒಬ್ಬನೇ ಮನುಷ್ಯ ಬಾಗಿಲಲ್ಲಿ ನಿಲ್ಲಬೇಕು ಅಂದರೆ ಅವನು ಊಟ ಮಾಡಬೇಡವಾ? ಬಾತ್‌ರೂಮಿಗೆ ಹೋಗಬೇಡವಾ? ಈಗ ಅಣ್ಣ ಊಟಕ್ಕೆ ಹೋದಾಗ ನಾನೇ ಬಾಗಿಲ ಹತ್ತಿರ ಹೋಗಿ ಕೂರುತ್ತೇನೆ. ಕೂರುತ್ತೇನೆ ಅಂದೆನಲ್ಲ, ಅಲ್ಲಿ ಒಂದು ಸ್ಟೂಲ್ ಇದೆ. ಅಣ್ಣನಿಗೆ ಅಂತಲೇ ತಂದದ್ದು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕಾನೂನು ತಿದ್ದಿದವು. ನಾವು ಕಾನೂನಿಗೆ ಯಾಕೆ ಕಾಯಬೇಕು? ಮೊಣಕಾಲು ಊದಿಕೊಂಡು ನಿಂತವರ ಗಮನವೆಲ್ಲ ಆ ನೋವಿನ ಮೇಲೇ ಇರುತ್ತೆ, ಬಾಗಿಲ ಮೇಲಲ್ಲ.

2025ರ ಜನವರಿ 16ರಂದು ಬೀದರ್‌ನಲ್ಲಿ, ಹಾಡಹಗಲೇ, ಬ್ಯಾಂಕಿನ ಎದುರು, ಎಟಿಎಂಗೆ ಹಣ ಒಯ್ಯುತ್ತಿದ್ದವರ ಮೇಲೆ ಗುಂಡು ಹಾರಿಸಿದರು. ಹಣ ಒಯ್ಯುವ ಕೆಲಸಕ್ಕೆ ಬಂದಿದ್ದ ಮನುಷ್ಯನ ಪ್ರಾಣ ಹೋಯಿತು. ಆ ರಾತ್ರಿ ಟಿವಿಯಲ್ಲಿ ಅದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಣ್ಣ ಬಂದ ಕೂಡಲೇ ಹೇಳಿದೆ: "ಅಣ್ಣಾ, ಯಾರಾದ್ರೂ ಚಾಕು ಗೀಕು ತೋರಿಸಿದ್ರೆ ಅಡ್ಡ ಹೋಗ್ಬೇಡಿ. ಗಲ್ಲಾದಲ್ಲಿರೋದೆಲ್ಲ ತಗೊಂಡು ಹೋಗ್ಲಿ. ಈ ಮಾತು ನನ್ನ ಆಣೆ." ಹುಡುಗಿಯರಿಗೂ ಅದೇ ಹೇಳಿದ್ದೇನೆ. ಕೊಟ್ಟುಬಿಡಿ, ಅವರು ಹೋದ ಮೇಲೆ ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಿ.

ಮಗಳು ನನ್ನ ಬ್ಯಾಗಿಗೆ ಪೆಪ್ಪರ್ ಸ್ಪ್ರೇ ಹಾಕಿದ್ದಾಳೆ. ಇಟ್ಟುಕೊಂಡಿದ್ದೇನೆ. ಆದರೆ ಅದನ್ನು ಯಾವಾಗ ಬಳಸಬಹುದು ಅಂತ ಕೇಳಿ ತಿಳಿದುಕೊಂಡೆ. ನಮ್ಮ ಮೈ, ನಮ್ಮ ಆಸ್ತಿ ಕಾಪಾಡಿಕೊಳ್ಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಆದರೆ ಎಷ್ಟು ಬೇಕೋ ಅಷ್ಟೇ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಸೆಕ್ಯೂರಿಟಿಯವರೊಬ್ಬರ ಮೇಲೆಯೇ ಪೆಪ್ಪರ್ ಸ್ಪ್ರೇ ಹೊಡೆದಿದ್ದರು. ಸ್ವಂತ ರಕ್ಷಣೆಗೆ ಹೊಡೆದದ್ದು ಅಂತ ವಾದ ಮಾಡಿದರೂ 2024ರಲ್ಲಿ ನಮ್ಮ ಹೈಕೋರ್ಟ್ ಕೇಸ್ ರದ್ದು ಮಾಡಲಿಲ್ಲ. ಅದು ಅಪಾಯಕಾರಿ ಆಯುಧವೇ ಅಂತ ಹೇಳಿತು. ಜಗಳ ಆದಾಗ ತೆಗೆಯುವ ವಸ್ತು ಅಲ್ಲ ಅದು. ತಪ್ಪಿಸಿಕೊಂಡು ಓಡೋಕೆ ಬೇರೆ ದಾರಿ ಇಲ್ಲದಾಗ ಮಾತ್ರ.

ನನ್ನನ್ನು ನಿಜವಾಗಿ ಕಾಪಾಡುತ್ತಿರುವುದು ಬೇರೆ ಸಣ್ಣ ಸಣ್ಣ ಅಭ್ಯಾಸಗಳು. ಮಧ್ಯಾಹ್ನವೇ ಬ್ಯಾಂಕಿಗೆ ದುಡ್ಡು ಕಟ್ಟಿಬಿಡುತ್ತೇನೆ, ರಾತ್ರಿ ಕೈಯಲ್ಲಿ ಇಟ್ಟುಕೊಳ್ಳಲ್ಲ. ದಿನಾ ಒಂದೇ ದಾರಿಯಲ್ಲಿ ಮನೆಗೆ ಹೋಗಲ್ಲ. ಸ್ಕೂಟರ್ ಹತ್ತುವ ಮುಂಚೆ ಸರದ ಮೇಲೆ ಸೆರಗು ಹೊದ್ದು ಪಿನ್ ಹಾಕಿಕೊಳ್ಳುತ್ತೇನೆ. ಬೀದಿಯಲ್ಲಿ ಫೋನ್ ನೋಡಲ್ಲ.

ಷಟರ್ ವಿಷಯ ಕಲಿತದ್ದು ಅಣ್ಣನಿಂದ. ಮೊದಲ ವಾರ ರಾತ್ರಿ ಒಂಬತ್ತಕ್ಕೆ ನಾನು ಷಟರ್ ಎಳೆದು, ಬಗ್ಗಿ ಬೀಗ ಹಾಕುತ್ತಿದ್ದರೆ, ಇವರು ನನಗೆ ಬೆನ್ನು ಮಾಡಿ ನಿಂತಿರುತ್ತಿದ್ದರು. ಒಂದು ಕೈ ಹಾಕಬಾರದಾ ಅಂತ ನನಗೆ ಬೇಜಾರು. ಮೂರನೇ ದಿನ ಕೇಳಿಯೇಬಿಟ್ಟೆ. ಅವರು ತಿರುಗಲೂ ಇಲ್ಲ. "ನೀವು ಬೀಗ ಹಾಕಿ ಅಮ್ಮಾವ್ರೆ, ನಾನು ರೋಡ್ ನೋಡ್ತೀನಿ" ಅಂದರು.

ಆಗ ಹೊಳೆಯಿತು. ಇಡೀ ದಿನದಲ್ಲಿ ನನ್ನ ಬೆನ್ನು ಪೂರ್ತಿ ಬೀದಿಗೆ ಇರುವುದು ಆ ಒಂದು ನಿಮಿಷ. ತಲೆ ಕೆಳಗೆ, ಎರಡೂ ಕೈ ಬೀಗದಲ್ಲಿ, ಬ್ಯಾಗ್ ನೆಲದ ಮೇಲೆ. 2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ಆ ಹೆಣ್ಣುಮಗಳಿಗೆ ಆದದ್ದು ನೆನಪಿದೆ ಅಲ್ವಾ? ಹಿಂದೆಯೇ ಬಂದವನು ಒಳಗಿಂದ ಷಟರ್ ಎಳೆದುಕೊಂಡು ಮಚ್ಚಿನಿಂದ ಹೊಡೆದ. ಅಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಅವನು ಸಿಕ್ಕಿಬಿದ್ದದ್ದು 2017ರಲ್ಲಿ. ಹೊರಗೆ ಬೀದಿ ನೋಡುತ್ತಾ ಒಬ್ಬ ಮನುಷ್ಯ ನಿಂತಿದ್ದರೆ ಅವನು ಒಳಗೆ ಕಾಲಿಡುತ್ತಿದ್ದನಾ?

ಈ ವಾರ ಅಣ್ಣ ರಜದಲ್ಲಿದ್ದಾರೆ, ಮಗಳಿಗೆ ಹೆರಿಗೆ. ನಿನ್ನೆ ರಾತ್ರಿ ನಾನು ಷಟರ್ ಎಳೆದಾಗ ನಮ್ಮ ಸೇಲ್ಸ್ ಹುಡುಗಿ ಓಡಿ ಬಂದಳು.

"ಕೊಡಿ ಆಂಟಿ, ನಾನು ಬೀಗ ಹಾಕ್ತೀನಿ."

"ಹಾಕಮ್ಮ," ಅಂತ ಬೀಗ ಅವಳ ಕೈಗೆ ಕೊಟ್ಟೆ. ಅವಳು ಬಗ್ಗಿದಳು. ನಾನು ಬೀದಿ ಕಡೆ ತಿರುಗಿ ನಿಂತೆ.