ಚೆಂಡೆಯ ಕೋಲಿಗೂ ಸದ್ದಿಗೂ ಅರ್ಧ ಸೆಕೆಂಡಿನ ಜಗಳ

ಅಂತೂ ಇಂತೂ ಸದ್ದು ಚಿತ್ರದ ಜೊತೆ ಕೂತಿತು. ಕ್ಲಾಸಿನ ಗುಂಪು ಚಟುವಟಿಕೆಗೆಂದು ನಾವು ಸಂದರ್ಶನ ಮಾಡಿದ್ದು ನಮ್ಮ ಜೂನಿಯರ್ ಒಬ್ಬನನ್ನು. ಪೆರ್ಲ ಕಡೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಬಂದು ಓದುತ್ತಾನೆ, ರಾತ್ರಿ ಯಕ್ಷಗಾನದ ಆಟ ಇದ್ದರೆ ಚೆಂಡೆಗೆ ಹೋಗುತ್ತಾನೆ. ಪ್ರಶ್ನೆ, ಫ್ರೇಮ್, ಮೊದಲ ಕಟ್ ಎಲ್ಲ ಮಾಮೂಲು, ಅದನ್ನು ಬಿಡಿ.

ಚಿತ್ರ ಫೋನಿನಲ್ಲಿ, ಧ್ವನಿ ಬೇರೆ ರೆಕಾರ್ಡರಿನಲ್ಲಿ. ಹಾಗೆ ಮಾಡುವ ಆಸೆ ನಮಗೇನೂ ಇರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಕಾಲರ್ ಮೈಕಿನ ಪಿನ್ನಿನಲ್ಲಿ ಎರಡೇ ಕಪ್ಪು ಗೆರೆ. ಫೋನಿಗೆ ಮೂರು ಗೆರೆಯದ್ದು ಬೇಕು. ಪೆಟ್ಟಿಗೆಯ ಮೇಲೆ ಮಾತ್ರ ‘ಎಲ್ಲ ಮೊಬೈಲಿಗೂ’ ಅಂತ ದೊಡ್ಡ ಅಕ್ಷರ. ಪೇಟೆಯ ಅಂಗಡಿಯಲ್ಲಿ ಕನ್ವರ್ಟರ್ ಕೇಳಿದರೆ, “ಅದೆಲ್ಲ ಈಗ ಬರುವುದಿಲ್ಲ, ಬ್ಲೂಟೂತ್ ತಕೊಳ್ಳಿ” ಎಂಬ ಉಪದೇಶ. ಬ್ಲೂಟೂತಿನ ವಿಳಂಬದ ಬಗ್ಗೆ ಅವರ ಜೊತೆ ವಾದ ಮಾಡುವ ಶಕ್ತಿ ನನಗಿರಲಿಲ್ಲ.

ಶುರುವಿಗೆ ಒಂದು ಚಪ್ಪಾಳೆ ಹೊಡೆದು, ಎರಡನ್ನೂ ಸರಿಯಾಗಿ ಹೊಂದಿಸಿದೆವು. ಮೊದಲ ಪ್ರಶ್ನೆ ಚೆನ್ನಾಗಿತ್ತು, ಕೊನೆಯ ನಮಸ್ಕಾರವೂ ಚೆನ್ನಾಗಿತ್ತು. ನಡುವೆ ಅವನು ಚೆಂಡೆ ಬಾರಿಸಿ ತೋರಿಸುವಲ್ಲಿ ಕೋಲು ಇನ್ನೂ ಗಾಳಿಯಲ್ಲಿದೆ, ಪೆಟ್ಟು ಆಗಲೇ ಕೇಳಿಸಿತು! ಇನ್ನು ಸ್ವಲ್ಪ ಮುಂದೆ ಹೋದರೆ ತಿರುಗಮುರುಗ, ಕೋಲು ಮೊದಲು, ಸದ್ದು ಆಮೇಲೆ. “ಎಂತ ಮಾರಾಯ, ಇವನಿಗೆ ಭೂತ ಹಿಡಿದಿದೆಯಾ?” ಅಂದಳು ಸಬ್‌ಟೈಟಲ್ ಮಾಡುವವಳು.

ರೆಕಾರ್ಡರಿನ ಗಡಿಯಾರ ನಿಧಾನವಾಗಿದ್ದರೆ ವ್ಯತ್ಯಾಸ ಒಂದೇ ಸಮನೆ ಬೆಳೆಯುತ್ತಾ ಹೋಗುತ್ತದೆ, ಧ್ವನಿಯನ್ನು ಒಂಚೂರು ಎಳೆದರೆ ಮುಗಿಯಿತು. ಇಲ್ಲಿ ಎರಡು ತುದಿಯೂ ಸರಿ, ಹೊಟ್ಟೆ ಮಾತ್ರ ಕೆಟ್ಟಿದೆ. ಎಳೆದರೆ ತುದಿಯೂ ಹೋಗುತ್ತದೆ. ಬರೇ ಮಾತಾಗಿದ್ದರೆ ಗಡ್ಡದ ಮರೆಯಲ್ಲಿ ತುಟಿ ದಾಟಿಸಬಹುದಿತ್ತೇನೋ. ಚೆಂಡೆಯ ಮುಂದೆ ಆ ಆಟ ನಡೆಯುವುದಿಲ್ಲ. ಸದ್ದು ತಡವಾದರೆ ನಮ್ಮ ಮಿದುಳು ಸುಮಾರು 125 ಮಿಲಿಸೆಕೆಂಡಿನವರೆಗೆ ಸಹಿಸುತ್ತದಂತೆ. ಮೊದಲೇ ಬಂದರೆ 45 ದಾಟುವಷ್ಟರಲ್ಲಿ ಪತ್ತೆ ಹಚ್ಚುತ್ತದೆ. ಸೆಕೆಂಡಿಗೆ 30 ಫ್ರೇಮಿನ, ಅಂದರೆ 30 ಬಿಡಿ ಚಿತ್ರದ, ವಿಡಿಯೊದಲ್ಲಿ ಅದು ಒಂದೂವರೆ ಫ್ರೇಮೂ ಅಲ್ಲ. ನಮ್ಮದು ಹದಿನೈದು ಫ್ರೇಮ್ ಆಚೆ!

ವಿಡಿಯೊ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದು ನೋಡಿದಾಗ ಕಳ್ಳ ಸಿಕ್ಕಿದ. ಫ್ರೇಮ್ ರೇಟ್ ಮೋಡ್ ‘ವೇರಿಯೆಬಲ್’, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ನಡುನಡುವೆ ಬದಲಾಗುತ್ತದೆ. ಟೇಕ್ 8 ನಿಮಿಷದ್ದು. 30ರ ಲೆಕ್ಕದಲ್ಲಿ 14,400 ಫ್ರೇಮ್ ಇರಬೇಕು, ಇದ್ದದ್ದು 14,370. ಆ ಮೂವತ್ತು ಎಲ್ಲಿ ಹೋದವು? ಟೇಕಿನ ನಡುವೆ ಕರೆಂಟು ಹೋಗಿತ್ತು. ಇನ್ವರ್ಟರ್ ಹತ್ತಿ ಟ್ಯೂಬ್ ಉರಿಯಲು 5 ಸೆಕೆಂಡು. ಕತ್ತಲಾದ ಕೂಡಲೇ ಫೋನು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹೀರಲು ಹೋಗಿ, ಸೆಕೆಂಡಿಗೆ 24ಕ್ಕೆ ಇಳಿದಿದೆ. ಚಿತ್ರ ಅಷ್ಟೇನೂ ಮಂಕಾಗಿರಲಿಲ್ಲ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ನಮ್ಮ ಎಡಿಟಿಂಗ್ ಸಾಫ್ಟ್‌ವೇರು ಇಡೀ ಫೈಲಿಗೆ ಸರಾಸರಿ ಹಾಕಿ ಎಲ್ಲ ಫ್ರೇಮನ್ನೂ ಸಮನಾಗಿ ಹರಡಿತು. ಕರೆಂಟು ಹೋಗುವವರೆಗೆ ಚಿತ್ರ ಹಿಂದೆ ಬೀಳುತ್ತಾ ಬಂತು, ಆ 5 ಸೆಕೆಂಡಿನಲ್ಲಿ ಒಮ್ಮೆಲೇ ಮುಂದೆ ಹಾರಿತು, ಕೊನೆಗೆ ಮೆಲ್ಲ ಸರಿಹೋಯಿತು.

ಮದ್ದು ಸುಲಭ. ಮೂಲ ಫೈಲನ್ನು ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರು ಹ್ಯಾಂಡ್‌ಬ್ರೇಕಿಗೆ ಹಾಕಿ, 30 ಅಂತ ಕೊಟ್ಟು, ‘ಕಾನ್‌ಸ್ಟಂಟ್’ ಒತ್ತಿದೆವು. ಕಾಣೆಯಾದ ಕಡೆ ಹಿಂದಿನ ಫ್ರೇಮೇ ಮತ್ತೊಮ್ಮೆ ಬರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಕ್ಲಿಪ್ ಬದಲಿಸಿದ ಮೇಲೆ ನಮ್ಮ ಹಳೆಯ ಕಟ್‌ಗಳೆಲ್ಲ ಜಾಗ ತಪ್ಪಿದವು, ಅದು ಬೇರೆ ರಾಮಾಯಣ.

ಈಗ ತಲೆಯಲ್ಲಿ ಇರುವುದು ಬಯಲಾಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಕಡೆ ಒಂದು ರಾತ್ರಿಯ ಆಟವನ್ನು ಮೂರು ಫೋನಿನಲ್ಲಿ ಹಿಡಿಯಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದು, ಅಂದರೆ ರಂಗಸ್ಥಳದಿಂದ 20 ಮೀಟರ್ ಹಿಂದಿನ ಫೋನಿಗೆ ಚೆಂಡೆ ಮುಟ್ಟುವಾಗಲೇ ಎರಡು ಫ್ರೇಮ್ ತಡ. ರೆಕಾರ್ಡರನ್ನು ಭಾಗವತರ ಹತ್ತಿರವೇ ಇಡಬೇಕು. ಬೆಳಕು ಇಳಿದರೂ ಫ್ರೇಮ್ ಇಳಿಯದಂತೆ ಫೋನುಗಳಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡುವ ಆ್ಯಪ್ ಬೇಕು. ಮೂರು ಗೆರೆಯ ಪಿನ್ ಇರುವ ಮೈಕು ಯಾರ ಹತ್ತಿರವಾದರೂ ಉಂಟಾದರೆ ಹೇಳಿ, ಆ ಅಂಗಡಿಗೆ ನಾನು ಇನ್ನು ಹೋಗುವುದಿಲ್ಲ.